ಹಳೆಯ ಕಾಗದ, ಹಳೆಯ ಅರಿವೆ

ಮಿತವ್ಯಯವೆಂಬ ಮಾತನ್ನು ಕೇಳಿದೊಡನೆ ಅನೇಕರಿಗೆ ಜಿಪುಣತನದ ನೆನಪಾಗುವುದು. ಇವೆರಡೂ ಒಂದೇ ಮನೆಯ ಮಕ್ಕಳಂತೆ ಕಂಡರೂ ಸ್ವಭಾವದಲ್ಲಿ ಬೇರೆ ಬೇರೆ. ಜಿಪುಣನು ವಸ್ತುವನ್ನು ಬಳಸದೆ ಉಳಿಸುತ್ತಾನೆ. ಮಿತವ್ಯಯಿಯು ಬಳಸಿ ಉಳಿಸುತ್ತಾನೆ. ಮೊದಲನೆಯವನ ಅಟ್ಟದ ಮೇಲೆ ಹರಕು ಬಟ್ಟೆಯ ಗಂಟೂ ಹಳೆಯ ಪತ್ರಿಕೆಗಳ ಕಟ್ಟೂ ಗೆದ್ದಲಿಗೆ ಆಹಾರವಾಗುತ್ತಿರುವುವು. ಎರಡನೆಯವನ ಮನೆಯಲ್ಲಿ ಆ ಗಂಟು ಹೊದಿಕೆಯಾಗಿಯೂ ಆ ಕಟ್ಟು ಬುಟ್ಟಿಯಾಗಿಯೂ ಮಾರ್ಪಟ್ಟು ಕೆಲಸಕ್ಕೆ ಬರುತ್ತಿರುವುವು. ಈ ಮಾರ್ಪಾಟು ಹೇಗೆ ನಡೆಯುವುದು, ಅದಕ್ಕೆ ಆಧಾರವಾದ ವಸ್ತುಗುಣವೇನು, ಅದರಿಂದ ನಿಜವಾಗಿ ಲಾಭವುಂಟೇ ಎಂಬ ಮೂರು ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರಮಾಡಬೇಕೆಂದಿದ್ದೇವೆ. ಉದಾಹರಣೆಗೆ ಎರಡು ಪದಾರ್ಥಗಳು ಸಾಕು: ಒಂದು ಹಳೆಯ ಕಾಗದ, ಇನ್ನೊಂದು ಹಳೆಯ ಅರಿವೆ. ಇವೆರಡೂ ಇಲ್ಲದ ಮನೆ ಎಲ್ಲಿಯೂ ಇರಲಾರದು.

ಮೊದಲು ಒಂದು ಎಚ್ಚರಿಕೆಯ ಮಾತು. ‘ಕಸದಿಂದ ರಸ’ ಎಂಬ ಹೆಸರಿನಲ್ಲಿ ಪ್ರದರ್ಶನಗಳಲ್ಲಿ ಎಷ್ಟೋ ಕೈಗೆಲಸಗಳನ್ನು ನೋಡುತ್ತೇವೆ. ಹಳೆಯ ಶೀಸೆಯೊಂದಕ್ಕೆ ಬಣ್ಣ ಬಳಿದು, ಮಿರುಗುವ ಕಾಗದವನ್ನು ಅಂಟಿಸಿ, ಹೂದಾನಿಯೆಂದು ಹೆಸರಿಡುವರು. ಶೀಸೆಗೆ ಬೆಲೆಯಿಲ್ಲವೆಂಬುದು ದಿಟ. ಆದರೆ ಬಣ್ಣ, ಅಂಟು, ಮಿರುಗುಕಾಗದ ಎಲ್ಲವನ್ನೂ ಅಂಗಡಿಯಿಂದಲೇ ತರಬೇಕು. ಹದಿನೈದು ದಿನ ಕಳೆಯುವಷ್ಟರಲ್ಲಿ ಹೂದಾನಿಯು ಧೂಳು ಹಿಡಿದು ಮೂಲೆ ಸೇರುವುದು. ಇಲ್ಲಿ ಕಸದಿಂದ ರಸ ಬರಲಿಲ್ಲ; ಒಂದಿದ್ದ ಕಸ ಎರಡಾಯಿತು. ಮಕ್ಕಳ ಕೈ ಪಳಗಲೆಂದು ಮಾಡಿಸುವ ಕೆಲಸದ ಮಾತು ಬೇರೆ. ಅಲ್ಲಿ ಪಾಠವೇ ಪ್ರತಿಫಲ. ಆದರೆ ಮನೆವಾರ್ತೆಯ ದೃಷ್ಟಿಯಿಂದ ನೋಡುವುದಾದರೆ, ಮನೆಗೆ ಬೇಕಾದ, ಇಲ್ಲದಿದ್ದರೆ ಹಣ ಕೊಟ್ಟು ಕೊಳ್ಳಬೇಕಾದ ವಸ್ತುವೊಂದು ಸಿದ್ಧವಾದರೆ ಮಾತ್ರ ಅದನ್ನು ಮಿತವ್ಯಯದ ಕೈಗೆಲಸವೆನ್ನಬಹುದು.

ವಸ್ತುವು ಹಳತಾಯಿತೆಂದರೆ ಆದುದೇನು? ಒಂದು ನೂಲಿನ ಸೀರೆಯನ್ನು ತೆಗೆದುಕೊಳ್ಳಿ. ನಾಲ್ಕಾರು ವರ್ಷ ಉಟ್ಟು ಒಗೆದ ಮೇಲೆ ಅದು ಹರಿಯುವುದು ಸಾಮಾನ್ಯವಾಗಿ ಕುಳಿತೆದ್ದು ತಿಕ್ಕಾಟ ಬೀಳುವ ಕಡೆ, ನೆಲಕ್ಕೆ ಸೋಕುವ ಕಡೆ. ಅಂಚು ಗಟ್ಟಿಯಾಗಿಯೇ ಇರುವುದು. ಒಳಗೆ ಮಡಿಕೆಯಲ್ಲಿದ್ದ ಭಾಗಕ್ಕೆ ಸವೆತವೇ ಇಲ್ಲ. ಆದರೂ ಉಡಲು ಬಾರದುದರಿಂದ ಇಡೀ ಸೀರೆಯನ್ನೇ ಹಳೆಯದೆನ್ನುತ್ತೇವೆ. ಪತ್ರಿಕೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ: ಒಂದು ದಿನದಲ್ಲಿ ಹಳತಾದುದು ಸುದ್ದಿ, ಕಾಗದವಲ್ಲ. ವಸ್ತುವಿನ ರೂಪವು ಮೊದಲು ಕೆಡುವುದು, ಅದರ ದ್ರವ್ಯವು ಬಹುಕಾಲ ಉಳಿಯುವುದು. ಉಳಿದಿರುವ ಶಕ್ತಿ ಎಷ್ಟೆಂಬುದನ್ನು ಅಳೆದು, ಆ ಶಕ್ತಿಗೆ ತಕ್ಕ ಕೆಲಸವನ್ನು ಕೊಡುವುದೇ ಈ ಕಲೆಯ ಗುಟ್ಟು. ನಮ್ಮ ಹಿಂದಿನ ಮನೆಗಳಲ್ಲಿ ಸೀರೆಯು ಸವೆದು ತೊಟ್ಟಿಲಿನ ಹಾಸಾಯಿತು. ಹಾಸು ಸವೆದು ಒರೆಸುವ ಅರಿವೆಯಾಯಿತು. ಕೊನೆಗೆ ಉಳಿದ ಚಿಂದಿಯು ಹಣತೆಯ ಬತ್ತಿಯಾಗಿ ಉರಿಯಿತು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಹಿಂದಿನದಕ್ಕಿಂತ ಹಗುರವಾದ ಕೆಲಸವೇ ಅದರ ಪಾಲಿಗೆ ಬಂದುದನ್ನು ಗಮನಿಸಬೇಕು.

ಕಾಗದದ ವಿಷಯವನ್ನು ಮೊದಲು ನೋಡೋಣ. ಕಾಗದವು ತಾನೇ ಹಳೆಯ ವಸ್ತುಗಳಿಂದ ಹುಟ್ಟಿದುದು. ಕ್ರಿ. ಶ. ೧೦೫ರಲ್ಲಿ ಚೀನಾ ದೇಶದ ಆಸ್ಥಾನಾಧಿಕಾರಿಯಾದ ಸಾಯ್ ಲುನ್ ಎಂಬಾತನು ಮರದ ತೊಗಟೆ, ಸೆಣಬಿನ ನಾರು, ಚಿಂದಿಬಟ್ಟೆ, ಹಳೆಯ ಮೀನುಬಲೆಗಳನ್ನು ಜಜ್ಜಿ ಕಾಗದ ಮಾಡುವ ಕ್ರಮವನ್ನು ದೊರೆಗೆ ಅರಿಕೆಮಾಡಿದನೆಂದು ಅಲ್ಲಿಯ ಇತಿಹಾಸವು ಹೇಳುತ್ತದೆ. ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಕಾಗದಕ್ಕೆ ಚಿಂದಿಬಟ್ಟೆಯೇ ಮುಖ್ಯ ಸಾಮಗ್ರಿ. ಮರವನ್ನು ಅರೆದು ತಿರುಳು ಮಾಡುವ ವಿಧಾನವನ್ನು ೧೮೪೪ರ ಸುಮಾರಿಗೆ ಜರ್ಮನಿಯ ಕೆಲ್ಲರ್ ಎಂಬಾತನು ಕಂಡುಹಿಡಿದ ತರುವಾಯವೇ ಅಗ್ಗದ ಪತ್ರಿಕೆ ಸಾಧ್ಯವಾಯಿತು. ನಮ್ಮಲ್ಲಿ ಭದ್ರಾವತಿಯಲ್ಲಿ ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯು ಬಿದಿರನ್ನು ಬಳಸುತ್ತಿದ್ದಿತು. ಚಿಂದಿಯಾಗಲಿ, ಮರವಾಗಲಿ, ಬಿದಿರಾಗಲಿ, ಇವೆಲ್ಲದರಲ್ಲಿಯೂ ಇರುವುದು ಸೆಲ್ಯುಲೋಸ್ ಎಂಬ ಒಂದೇ ದ್ರವ್ಯದ ಸೂಕ್ಷ್ಮವಾದ ಎಳೆಗಳು.

ಈ ಎಳೆಗಳಿಗೆ ಒಂದು ವಿಶೇಷ ಗುಣವುಂಟು. ನೀರಿನಲ್ಲಿ ನೆನೆದರೆ ಅವು ಉಬ್ಬಿ, ಒಂದನ್ನೊಂದು ಬಿಟ್ಟು ತೇಲುವುವು. ನೀರು ಆರುತ್ತ ಬಂದಂತೆ ಅವು ಮತ್ತೆ ಹತ್ತಿರಕ್ಕೆ ಸೆಳೆಯಲ್ಪಟ್ಟು, ಪೂರ್ತಿಯಾಗಿ ಒಣಗಿದಾಗ ಒಂದರ ಅಣುಗಳು ಇನ್ನೊಂದರ ಅಣುಗಳನ್ನು ಹಿಡಿದುಕೊಳ್ಳುವುವು. ಅಂಟಿಲ್ಲದಿದ್ದರೂ ಕಾಗದವು ಒಂದು ಹಾಳೆಯಾಗಿ ನಿಲ್ಲುವುದು ಇದರಿಂದಲೇ. ಆದಕಾರಣ ಹಾಳೆಯ ರೂಪವನ್ನು ನೀರಿನಲ್ಲಿ ಅಳಿಸಿ, ಬೇಕಾದ ಬೇರೊಂದು ರೂಪದಲ್ಲಿ ಒಣಗಿಸಿದರೆ, ಅದೇ ದ್ರವ್ಯವು ಬುಟ್ಟಿಯಾಗಿಯೋ ತಟ್ಟೆಯಾಗಿಯೋ ಗಟ್ಟಿಯಾಗಬೇಕು. ನಮ್ಮ ಅಜ್ಜಿಯರು ಮಾಡುತ್ತಿದ್ದ ಕಾಗದದ ಬುಟ್ಟಿಯಲ್ಲಿ ಅಡಗಿದ್ದ ಶಾಸ್ತ್ರವು ಇಷ್ಟೇ. ಅಣುವಿನ ಹೆಸರನ್ನು ಅವರು ಕೇಳಿರಲಿಲ್ಲ. ಆದರೆ ಅಣುವಿನ ನಡತೆಯನ್ನು ಅವರ ಬೆರಳುಗಳು ಚೆನ್ನಾಗಿ ಬಲ್ಲವಾಗಿದ್ದುವು.

ಅದನ್ನು ಮಾಡುವ ಕ್ರಮವು ಹೀಗೆ. ಹಳೆಯ ಕಾಗದವನ್ನು ಸಣ್ಣ ಸಣ್ಣ ಚೂರುಗಳಾಗಿ ಹರಿದು ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಬೇಕು. ದಿನಕ್ಕೊಮ್ಮೆ ನೀರನ್ನು ಬದಲಾಯಿಸಬೇಕು, ಇಲ್ಲವಾದರೆ ಹುಳಿತು ನಾರುವುದು. ಕತ್ತರಿಯನ್ನು ಉಪಯೋಗಿಸದೆ ಕೈಯಿಂದಲೇ ಹರಿಯುವುದು ಮೇಲು. ಕತ್ತರಿಸಿದರೆ ಎಳೆಗಳು ತುಂಡಾಗುವುವು, ಹರಿದರೆ ಬಿಡಿಬಿಡಿಯಾಗಿ ಹೊರಚಾಚುವುವು. ಒಂದು ಕಿಲೋಗ್ರಾಂ ಕಾಗದಕ್ಕೆ ಒಂದೆರಡು ಹಿಡಿ ಮೆಂತ್ಯವನ್ನು ಬೇರೆಯಾಗಿ ರಾತ್ರಿಯೆಲ್ಲ ನೆನೆಯಿಸಿ ನುಣ್ಣಗೆ ರುಬ್ಬಿಕೊಳ್ಳಬೇಕು. ಆಮೇಲೆ ಕಾಗದವನ್ನು ಹಿಂಡಿ, ಮೆಂತ್ಯದೊಡನೆ ಒರಳಿನಲ್ಲಿ ಹಾಕಿ, ಚೂರಿನ ಗುರುತೇ ಉಳಿಯದಂತೆ ಅರೆಯಬೇಕು. ಬಾಯಿ ಅಗಲವಾಗಿ ತಳವು ಕಿರಿದಾಗಿರುವ ಪಾತ್ರೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಒದ್ದೆಬಟ್ಟೆಯನ್ನು ಹೊದಿಸಿ, ಈ ಮುದ್ದೆಯನ್ನು ಕಾಲಂಗುಲಕ್ಕೆ ಕಡಿಮೆಯಿಲ್ಲದ ದಪ್ಪದಲ್ಲಿ ಎಲ್ಲ ಕಡೆಗೂ ಸಮವಾಗಿ ತಟ್ಟಬೇಕು. ಒಣಗುವಾಗ ಮುದ್ದೆಯು ಕುಗ್ಗಿ ಪಾತ್ರೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದು. ತಳ ಕಿರಿದಾದ ಪಾತ್ರೆಯೇ ಬೇಕೆಂದುದೂ, ನಡುವೆ ಬಟ್ಟೆ ಹೊದಿಸಬೇಕೆಂದುದೂ ಈ ಕಾರಣದಿಂದಲೇ. ಮೊದಲ ದಿನ ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ ಒಣಗಿಸಬೇಕು. ಒಮ್ಮೆಲೇ ಬಿಸಿಲಿಗಿಟ್ಟರೆ ಹೊರಮೈ ಬೇಗನೆ ಕುಗ್ಗಿ, ಒಳಮೈ ಇನ್ನೂ ಒದ್ದೆಯಾಗಿದ್ದು, ಬಿರುಕು ಬಿಡುವುದು.

ಕಾಗದದ ಎಳೆಗಳು ತಾವೇ ಅಂಟಿಕೊಳ್ಳುವುದಾದರೆ ಮೆಂತ್ಯವೇಕೆ ಎಂದು ಕೇಳಬಹುದು. ಪತ್ರಿಕೆಯ ಕಾಗದದ ಎಳೆಗಳು ಗಿಡ್ಡವಾದುವು; ಪ್ರತಿ ಬಾರಿ ನೆನೆಸಿ ಅರೆದಾಗಲೂ ಇನ್ನಷ್ಟು ಗಿಡ್ಡವಾಗಿ ಬಲಗುಂದುವುವು. ಮೆಂತ್ಯದ ಲೋಳೆಯು ಸೆಲ್ಯುಲೋಸಿಗೆ ಹತ್ತಿರದ ಸಂಬಂಧಿಯಾದುದರಿಂದ ಈ ಎಳೆಗಳ ನಡುವಿನ ತೆರವನ್ನು ತುಂಬಿ, ಅವನ್ನು ಬಿಗಿಯಾಗಿ ಬೆಸೆಯುವುದು. ಅರೆಯುವಾಗ ಮುದ್ದೆಯು ಕೈಗೆ ಹದವಾಗಿ ಬರುವುದೂ ಅದರಿಂದಲೇ.

ಹುಣಿಸೆಬೀಜದ ಗುಣವೂ ಇಂಥದೇ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪುಡಿಮಾಡಿ, ನೀರಿನಲ್ಲಿ ಕುದಿಸಿದರೆ ಒಳ್ಳೆಯ ಸರಿಯಾಗುವುದು. ನಮ್ಮ ನಾಡಿನ ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಬಿಗುಪು ಕೊಡಲು ಬಳಸುವುದು ಈ ಸರಿಯನ್ನೇ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಬಣ್ಣದ ಮರದ ಗೊಂಬೆಗಳನ್ನು ಮಾಡುವ ಚಿತ್ರಗಾರರು ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟನ್ನೂ ಹುಣಿಸೆಬೀಜದ ಸರಿಯನ್ನೂ ಸೇರಿಸಿ ‘ಕಿಟ್ಟ’ವೆಂಬ ಮುದ್ದೆಯನ್ನು ಸಿದ್ಧಪಡಿಸುತ್ತಾರೆ. ಗೊಂಬೆಯ ಅಂಗಗಳನ್ನು ಕೂಡಿಸುವುದೂ, ಅದರ ಉಬ್ಬುತಗ್ಗುಗಳನ್ನು ತಿದ್ದುವುದೂ ಅದರಿಂದಲೇ. ಹರಕು ಗೋಣಿ, ಮರದ ಹೊಟ್ಟು, ತಿಂದು ಉಗಿದ ಬೀಜ, ಇವು ಮೂರೂ ಕಸವೇ. ಇವುಗಳಿಂದ ರೂಪುಗೊಂಡ ದೇವತಾಮೂರ್ತಿಗೆ ಜನರು ಕೈಮುಗಿಯುತ್ತಾರೆ.

ಪುಸ್ತಕದ ರಟ್ಟು ಕಟ್ಟಲು ಮೈದಾಹಿಟ್ಟಿನ ಅಂಟು ಸಾಕು. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಂಡು, ಆಮೇಲೆ ಕಾಯಿಸುತ್ತ ತೊಳಸಬೇಕು. ಬಿಸಿಗೆ ಪಿಷ್ಟದ ಕಣಗಳು ನೀರು ಕುಡಿದು ಒಡೆದು ಅಂಟಾಗುವುವು. ಹುಳ ಹಿಡಿಯದಿರಲೆಂದು ಇದಕ್ಕೆ ಚಿಟಿಕೆ ಮೈಲುತುತ್ತವನ್ನು ಬೆರೆಸುವ ವಾಡಿಕೆಯುಂಟು. ಮೈಲುತುತ್ತವು ವಿಷ, ಅದನ್ನು ಬೆರೆಸಿದ ಅಂಟನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು, ತಿನ್ನುವ ಪದಾರ್ಥವನ್ನಿಡುವ ಬುಟ್ಟಿಗೆ ಸರ್ವಥಾ ಬಳಸಕೂಡದು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಹಿಂದೆ ಕಾಗದದ ಬುಟ್ಟಿಯಲ್ಲಿ ಅಕ್ಕಿ ಬೇಳೆಗಳನ್ನು ಇಡುತ್ತಿದ್ದರು. ಆದರೆ ಅಚ್ಚಿನ ಮಸಿಯಲ್ಲಿ ಆರೋಗ್ಯಕ್ಕೆ ಹಾನಿಕರವಾದ ದ್ರವ್ಯಗಳಿರುವುದರಿಂದ, ಪತ್ರಿಕೆಯ ಹಾಳೆಯಲ್ಲಿ ಆಹಾರವನ್ನು ಕಟ್ಟಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ೨೦೧೬ರಲ್ಲಿ ಎಚ್ಚರಿಸಿದೆ. ಆದ್ದರಿಂದ ಪತ್ರಿಕೆಯಿಂದ ಮಾಡಿದ ಬುಟ್ಟಿಯನ್ನು ಹೊಲಿಗೆಯ ಸಾಮಾನು, ಬೀಗದ ಕೈ, ಕಾಗದಪತ್ರ ಮೊದಲಾದುವಕ್ಕೆ ಇಟ್ಟುಕೊಳ್ಳುವುದೇ ಯುಕ್ತ. ಅಜ್ಜಿಯ ಕ್ರಮವೆಂಬ ಗೌರವದಿಂದ ಅದರ ದೋಷವನ್ನೂ ಉಳಿಸಿಕೊಳ್ಳಬೇಕಾದುದಿಲ್ಲ.

ಇನ್ನು ಅರಿವೆಯ ವಿಚಾರ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯನ್ನು ಕಾಣದವರಿಲ್ಲ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲ ಪದರಗಳೂ ಒಂದಾಗುವಂತೆ ಉದ್ದಕ್ಕೂ ಹೊಲಿದ ಹೊದಿಕೆಯೇ ಕೌದಿ. ಬಂಗಾಳದಲ್ಲಿ ಇದೇ ಜಾತಿಯ ಹೊದಿಕೆಯನ್ನು ಕಾಂಥಾ ಎನ್ನುವರು. ಅಲ್ಲಿ ಹೊಲಿಗೆಯ ದಾರವನ್ನು ಸಹ ಹಳೆಯ ಸೀರೆಯ ಅಂಚಿನಿಂದಲೇ ಬಿಡಿಸಿಕೊಳ್ಳುವುದು ವಾಡಿಕೆಯಾಗಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸುತ್ತಿನಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕೌದಿಗಳು ಇಂದು ದೇಶವಿದೇಶಗಳಲ್ಲಿ ಹೆಸರಾಗಿವೆ. ಅವರು ಒಂದು ಮೂಲೆಯಿಂದ ತೊಡಗಿ, ಅಂಚನ್ನು ಸುತ್ತಿ ಸುತ್ತಿ, ಕೊನೆಗೆ ನಡುವಿನಲ್ಲಿ ಹೊಲಿಗೆಯನ್ನು ಮುಗಿಸುವರು. ನಾಲ್ಕು ಮೂಲೆಗಳಿಗೂ ‘ಫೂಲಾ’ ಎಂಬ ಮಡಿಕೆಯ ತುಂಡನ್ನು ಕೂಡಿಸುವವರೆಗೆ ಕೌದಿಯು ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ.

ಕೌದಿಯು ಚಳಿಯನ್ನು ತಡೆಯುವುದು ಬಟ್ಟೆಯ ಬಲದಿಂದಲ್ಲ, ಗಾಳಿಯ ಬಲದಿಂದ. ನಿಂತ ಗಾಳಿಯು ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ. ಐದಾರು ಪದರಗಳ ನಡುವೆ ಸಿಕ್ಕಿದ ಗಾಳಿಯು ಅಲುಗಾಡದೆ ನಿಂತು ಮೈಶಾಖವನ್ನು ಕಾಯುವುದು. ಆದ್ದರಿಂದಲೇ ಒಂದು ದಪ್ಪ ಬಟ್ಟೆಗಿಂತ ಅಷ್ಟೇ ತೂಕದ ಹಲವು ತೆಳು ಬಟ್ಟೆಗಳು ಹೆಚ್ಚು ಬೆಚ್ಚಗಿರುವುವು. ಇನ್ನು ಹಳೆಯ ನೂಲುಬಟ್ಟೆಗೆ ಹೊಸದಕ್ಕಿಲ್ಲದ ಎರಡು ಗುಣಗಳುಂಟು. ಗಂಜಿಯೆಲ್ಲ ತೊಳೆದುಹೋಗಿ ಅದು ಮೃದುವಾಗಿರುವುದು. ಕುಗ್ಗಬೇಕಾದಷ್ಟನ್ನು ಕುಗ್ಗಿ ಮುಗಿಸಿರುವುದು. ಹಳೆಯದರೊಡನೆ ಒಗೆಯದ ಹೊಸ ಬಟ್ಟೆಯನ್ನು ಸೇರಿಸಿ ಹೊಲಿದರೆ, ಮೊದಲ ಒಗೆತದಲ್ಲಿಯೇ ಹೊಸದು ಕುಗ್ಗಿ ಹಳೆಯದನ್ನು ಎಳೆದು ಹರಿಯುವುದು. ಆದಕಾರಣ ಸೇರಿಸಲೇಬೇಕಾದರೆ ಹೊಸದನ್ನು ಎರಡು ಮೂರು ಸಲ ಒಗೆದು ಸೇರಿಸಬೇಕು. ತೀರ ಜೀರ್ಣವಾದ ಬಟ್ಟೆಯನ್ನು ಒಳಪದರದಲ್ಲಿಟ್ಟು, ಗಟ್ಟಿಯಾದುದನ್ನು ಮೇಲಕ್ಕೂ ಕೆಳಕ್ಕೂ ಕೊಡಬೇಕು. ಸೀರೆಯ ಅಂಚನ್ನು ಕೌದಿಯ ಅಂಚಿಗೇ ಬಳಸಬೇಕು. ಹೊಲಿಗೆಯ ಸಾಲುಗಳು ಒತ್ತಾಗಿದ್ದಷ್ಟೂ ಒಳಗಿನ ಜೀರ್ಣವಸ್ತ್ರವು ಮುದುರದೆ ನಿಲ್ಲುವುದು. ಉಳಿದ ಶಕ್ತಿಗೆ ತಕ್ಕ ಕೆಲಸವೆಂದು ಮೊದಲು ಹೇಳಿದ ಸೂತ್ರವೇ ಇಲ್ಲಿಯೂ ನಡೆಯುತ್ತಿರುವುದನ್ನು ಕಾಣಬಹುದು.

ಈಗ ಮೂರನೆಯ ಪ್ರಶ್ನೆಗೆ ಬರೋಣ. ಇದರಿಂದ ಲಾಭವುಂಟೇ? ಒಂದು ಸಣ್ಣ ಲೆಕ್ಕವನ್ನು ಹಾಕಿ ನೋಡಬಹುದು. ಏಳು ಅಡಿ ಉದ್ದ, ಐದು ಅಡಿ ಅಗಲದ ಕೌದಿಯಲ್ಲಿ ಅರ್ಧ ಅಂಗುಲಕ್ಕೊಂದು ಸಾಲಿನಂತೆ ಉದ್ದಕ್ಕೆ ಹೊಲಿದರೆ ೧೨೦ ಸಾಲುಗಳಾಗುವುವು. ಎಲ್ಲವೂ ಸೇರಿ ೮೪೦ ಅಡಿ. ಅಂಗುಲಕ್ಕೆ ಎರಡೇ ಹೊಲಿಗೆಯೆಂದರೂ ಒಟ್ಟು ಇಪ್ಪತ್ತು ಸಾವಿರಕ್ಕೆ ಮೇಲೆ. ನಿಮಿಷಕ್ಕೆ ಹತ್ತು ಹೊಲಿಗೆಯಂತೆ ಎಲ್ಲಿಯೂ ನಿಲ್ಲದೆ ಹೊಲಿದರೆ ಸುಮಾರು ೩೪ ಗಂಟೆಗಳು. ದಿನಕ್ಕೆ ಎರಡು ಗಂಟೆ ಬಿಡುವು ಸಿಕ್ಕುವ ಗೃಹಿಣಿಗೆ ಹದಿನೇಳು ದಿನಗಳು. ಬಟ್ಟೆಗೆ ಹಣ ಕೊಡಲಿಲ್ಲವೆಂದು ಕೌದಿಯನ್ನು ಬಿಟ್ಟಿಯಾಗಿ ಬಂದುದೆಂದು ಹೇಳುವವರು ಈ ೩೪ ಗಂಟೆಗಳನ್ನು ಯಾವ ಲೆಕ್ಕದಲ್ಲಿ ಬರೆದಿದ್ದಾರೆ? ಮನೆವಾರ್ತೆಯ ಪುಸ್ತಕದಲ್ಲಿ ಹೆಂಗಸಿನ ದುಡಿಮೆಗೆ ಅಂಕಣವೇ ಇಲ್ಲದಿರುವುದರಿಂದ ಅದು ಸೊನ್ನೆಯೆಂದು ಕಾಣುತ್ತದೆ, ಅಷ್ಟೆ. ಮನೆಮನೆಗೆ ಹೋಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರೂ ಉತ್ತರದ ಸೀಮೆಯಲ್ಲಿ ಉಂಟು. ಬಟ್ಟೆ ನಮ್ಮದೇ ಅಲ್ಲವೆ ಎಂದು ಅವರೊಡನೆ ಚೌಕಾಶಿ ಮಾಡುವವರು ಈ ಲೆಕ್ಕವನ್ನು ಒಮ್ಮೆ ನೆನೆಯಬೇಕು. ದುಡಿಯುವವಳ ಕೂಲಿಯನ್ನು ಕಡಿದು ಉಳಿಸಿದ ಹಣವು ಮಿತವ್ಯಯದ ಫಲವಲ್ಲ.

ಹಾಗಾದರೆ ಈ ಕೆಲಸವನ್ನೇ ಬಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ದುಡಿಮೆಯನ್ನು ಮನೆಯವರೆಲ್ಲರೂ ಹಂಚಿಕೊಳ್ಳಬೇಕೆಂಬುದೇ ನಮ್ಮ ಅಭಿಪ್ರಾಯ. ಕಾಗದವನ್ನು ಹರಿಯುವುದಕ್ಕೆ ಮಕ್ಕಳಿದ್ದಾರೆ. ಅರೆಯುವುದಕ್ಕೆ ಗಂಡಸರ ತೋಳುಗಳಿವೆ. ಸೂಜಿ ಹಿಡಿದರೆ ಗಂಡಸಿನ ಬೆರಳು ಸವೆಯುವುದಿಲ್ಲ, ಪೇಟೆಯ ದರ್ಜಿಗಳೇ ಇದಕ್ಕೆ ಸಾಕ್ಷಿ. ಬಲವಂತದಿಂದ ಕಲಿಯುವ ಕಾಲವೂ ಒಮ್ಮೊಮ್ಮೆ ಒದಗುವುದು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ೧೯೪೧ರಿಂದ ೧೯೪೯ರವರೆಗೆ ಬಟ್ಟೆಯನ್ನು ಪಡಿತರ ಚೀಟಿಯ ಮೇಲೆ ಕೊಳ್ಳಬೇಕಾಯಿತು. ಇದ್ದ ಬಟ್ಟೆಯನ್ನೇ ತೇಪೆ ಹಾಕಿ, ತಿದ್ದಿ ಉಡುವುದು ಹೇಗೆಂದು ಅಲ್ಲಿಯ ಸರ್ಕಾರವೇ ೧೯೪೩ರಲ್ಲಿ ಕೈಪಿಡಿಯನ್ನು ಅಚ್ಚುಮಾಡಿಸಿ ಹಂಚಿತು. ಅದೇ ವರ್ಷ ನಮ್ಮ ದೇಶದಲ್ಲಿಯೂ ಹತ್ತಿಯ ಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆ ಹೊರಟಿತು. ಕೈಪಿಡಿಯಿದ್ದ ದೇಶದಲ್ಲಿ ಆ ವಿದ್ಯೆಯು ಕಾಗದದ ಮೇಲೆ ಉಳಿಯಿತು. ನಮ್ಮಲ್ಲಿ ಅದು ಬಹುಮಟ್ಟಿಗೆ ತಾಯಿಯ ಕೈಯಿಂದ ಮಗಳ ಕೈಗೆ ಬಂದುದು. ಬರೆದಿಟ್ಟುದು ನೂರು ವರ್ಷ ಮಲಗಿದ್ದರೂ ಓದುವವರು ಬಂದಾಗ ಏಳುವುದು. ಕೈಯಲ್ಲಿ ಮಾತ್ರ ಇರುವ ವಿದ್ಯೆಯು ಒಂದು ತಲೆಮಾರು ಕೈಬಿಟ್ಟರೆ ಕಳೆದುಹೋಗುವುದು.

ಕಾಲವು ಬದಲಾದಂತೆ ಸಾಮಗ್ರಿಯೂ ಬದಲಾಗಿದೆಯೆಂಬುದನ್ನು ಮರೆಯಬಾರದು. ಇಂದಿನ ಎಷ್ಟೋ ಸೀರೆಗಳು ಹತ್ತಿಯವಲ್ಲ, ಪಾಲಿಯೆಸ್ಟರಿನವು. ಅವು ಬೆವರನ್ನು ಹೀರುವುದಿಲ್ಲ, ಬೆಂಕಿ ತಗಲಿದರೆ ಕರಗಿ ಮೈಗೆ ಅಂಟುವುವು. ಮಗುವಿನ ಹಾಸಿಗೆಗೂ, ಒಲೆಯ ಬಳಿ ಹಿಡಿಯುವ ಅರಿವೆಗೂ ಸಲ್ಲವು. ಗುರುತಿಸುವುದು ಸುಲಭ. ಒಂದೇ ಒಂದು ಎಳೆಯನ್ನು ಬಿಡಿಸಿ ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರೆ, ಹತ್ತಿಯು ಕಾಗದದಂತೆ ಉರಿದು ಬೂದಿಯಾಗುವುದು. ಪಾಲಿಯೆಸ್ಟರು ಕರಗಿ ಗಟ್ಟಿಯಾದ ಮಣಿಯಾಗುವುದು. ಕಾಗದಕ್ಕೆ ಒಂದು ತೊಟ್ಟು ನೀರೇ ಪರೀಕ್ಷೆ: ನೀರು ಬೇಗನೆ ಇಂಗಿದರೆ ಅದು ಮುದ್ದೆಗೆ ಯೋಗ್ಯ, ಹನಿಯಾಗಿ ನಿಂತರೆ ಪ್ಲಾಸ್ಟಿಕ್ಕಿನ ಲೇಪವೋ ಬೇರೆ ನುಣುಪೋ ಇರುವುದೆಂದು ತಿಳಿದು ಅದನ್ನು ಬೇರೆಯಿಡಬೇಕು.

ಹೊಸದಾಗಿ ತೊಡಗುವವರು ಒಮ್ಮೆಗೇ ದೊಡ್ಡ ಕೌದಿಗೆ ಕೈಹಾಕಬೇಕಾಗಿಲ್ಲ. ಎರಡು ಹಳೆಯ ಪಂಚೆಗಳನ್ನು ನಾಲ್ಕು ಪದರ ಮಾಡಿ ಹೊಲಿದ ಕೂಸಿನ ಹಾಸು, ಒಂದು ವಾರದ ಪತ್ರಿಕೆಯಿಂದ ತಟ್ಟಿದ ಸಣ್ಣ ಬುಟ್ಟಿ, ಇವೆರಡು ಆರಂಭಕ್ಕೆ ಸಾಕು. ಮನೆಯಲ್ಲಿ ವಯಸ್ಸಾದವರು ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕು. ಮುದ್ದೆಯ ಹದ, ಸೂಜಿಯ ಬಿಗಿ ಇವುಗಳನ್ನು ಅವರಿಂದಲೇ ಕಲಿಯಬೇಕು. ಮಾತಿನಲ್ಲಿ ಎಷ್ಟು ವಿವರಿಸಿದರೂ ಅವು ಕೈಗೆ ಬರುವುದಿಲ್ಲ. ಅವರು ಹೇಳಿದುದನ್ನು ಒಂದು ಪುಸ್ತಕದಲ್ಲಿ ಅಳತೆ ಪ್ರಮಾಣಗಳೊಡನೆ ಬರೆದಿಟ್ಟುಕೊಂಡರೆ, ಬುಟ್ಟಿಯು ಹಳತಾಗಿ ಮುರಿದ ಮೇಲೂ ಅದನ್ನು ಮಾಡುವ ಕ್ರಮವು ಮನೆಯಲ್ಲಿ ಉಳಿಯುವುದು.